ಬೇರೆ ರಾಜ್ಯದಿಂದ ತಂದ ಮಾಡಿಫೈಡ್ ಗಾಡಿ 30 ದಿನದಲ್ಲಿ ಜಪ್ತಿ ಆಗುತ್ತಾ? ಫಾರ್ವರ್ಡ್ ಹೇಳುವುದೇನು, ಕಾನೂನು ಹೇಳುವುದೇನು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಓದುಗರೊಬ್ಬರು ವಾಟ್ಸಾಪ್ ಮೆಸೇಜ್ ಒಂದನ್ನು ನಮಗೆ ಕಳಿಸಿ "ಇದು ನಿಜಾನಾ ಸರ್?" ಎಂದು ಕೇಳಿದ್ದಾರೆ. ಅವರು ಬಂದಿರುವುದು ತಮಿಳುನಾಡಿನಿಂದ. ಜೊತೆಗೆ ತಂದಿರುವುದು ಅಲ್ಲೇ ನೋಂದಣಿಯಾದ ಟೊಯೊಟಾ ಹೈಲಕ್ಸ್ ಪಿಕಪ್. ಎತ್ತರಿಸಿದ ಸಸ್ಪೆನ್ಷನ್, ದಪ್ಪ ಟೈರು, ಮುಂದೆ ಕಬ್ಬಿಣದ ಬುಲ್ ಬಾರ್, ತಲೆಯ ಮೇಲೆ ಎಲ್‌ಇಡಿ ಪಟ್ಟಿ, ಪಕ್ಕದಲ್ಲಿ ಆನೆ ಸೊಂಡಿಲಿನಂಥ ಸ್ನಾರ್ಕೆಲ್. ಭಾನುವಾರ ಬಂದರೆ ಬೆಟ್ಟ, ಬಂಡೆ, ಕೆಸರು ಎಂದು ಹೊರಡುವ ಆಸೆ ಅವರದು.

ತಮಾಷೆಯ ಸಂಗತಿ ಎಂದರೆ, ಹೈಲಕ್ಸ್ ತಯಾರಾಗುವುದೇ ಬಿಡದಿಯಲ್ಲಿ. ಅದೇ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಕ್ವಾಲಿಸ್ ಹೊರಬಂತು, ಆಮೇಲೆ ಇನೋವಾ, ಫಾರ್ಚೂನರ್ ಬಂದವು. ಅಂದರೆ ಗಾಡಿ ತವರಿಗೆ ವಾಪಸ್ ಬಂದಿದೆ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಹೊರಗಿನ ಗಾಡಿಯೇ. ಎಲ್ಲಿ ತಯಾರಾಯಿತು ಎನ್ನುವುದು ಮುಖ್ಯವಲ್ಲ, ಎಲ್ಲಿ ಇಟ್ಟುಕೊಂಡಿದ್ದೀರಿ ಎನ್ನುವುದು ಮುಖ್ಯ.

ಅವರಿಗೆ ಬಂದ ಮೆಸೇಜಿನಲ್ಲಿ ನಾಲ್ಕು ಮಾತುಗಳಿವೆ. ಬೇರೆ ರಾಜ್ಯದ ನಂಬರ್ ಇರುವ ಗಾಡಿ ಕರ್ನಾಟಕದಲ್ಲಿ 30 ದಿನ ದಾಟಿದರೆ ಜಪ್ತಿ. 11 ತಿಂಗಳಿಗೊಮ್ಮೆ ಗಡಿ ದಾಟಿ ವಾಪಸ್ ಬಂದರೆ ಜೀವನಪೂರ್ತಿ ತೆರಿಗೆ ಕಟ್ಟಬೇಕಿಲ್ಲ. ಹಳೆಯ ರಾಜ್ಯದ ಆರ್‌ಟಿಓ ಪಾಸ್ ಮಾಡಿದ ಮಾಡಿಫಿಕೇಶನ್‌ಗೆ ಇಲ್ಲಿ ಯಾರೂ ಏನೂ ಕೇಳುವಂತಿಲ್ಲ. ಬೋಲ್ಟ್ ಹಾಕಿ ಕೂರಿಸಿದ್ದು ಮಾಡಿಫಿಕೇಶನ್ ಅಲ್ಲ, ವೆಲ್ಡಿಂಗ್ ಮಾಡಿದರೆ ಮಾತ್ರ ತಪ್ಪು.

ನಾಲ್ಕೂ ತಪ್ಪು. ಆದರೆ ತಪ್ಪಾಗಿರುವ ರೀತಿ ಬೇರೆ ಬೇರೆ. ಈ ಮೆಸೇಜ್ ಹೆದರಿಸುವುದು ನಂಬರ್ ಪ್ಲೇಟ್ ಬಗ್ಗೆ, ಧೈರ್ಯ ಹೇಳುವುದು ಮಾಡಿಫಿಕೇಶನ್ ಬಗ್ಗೆ. ವಾಸ್ತವ ತಲೆಕೆಳಗು. ನಂಬರ್ ಪ್ಲೇಟಿಗೆ ಕಾನೂನು ನಿಮಗೆ ಸಾಕಷ್ಟು ಸಮಯ ಕೊಟ್ಟಿದೆ. ಮಾಡಿಫಿಕೇಶನ್‌ಗೆ ಒಂದು ದಿನದ ಸಮಯವನ್ನೂ ಕೊಟ್ಟಿಲ್ಲ.

30 ದಿನದ ಭಯ ಎಲ್ಲಿಂದ ಬಂತು?

ಭಾರತದ ಯಾವುದೇ ರಾಜ್ಯದಲ್ಲಿ ಸರಿಯಾಗಿ ನೋಂದಣಿಯಾದ ಗಾಡಿ ಇಡೀ ದೇಶದಲ್ಲಿ ಓಡಬಹುದು. ಇದು 1988ರ ಮೋಟಾರು ವಾಹನ ಕಾಯ್ದೆಯ 46ನೇ ಸೆಕ್ಷನ್. ಅದರ ಮುಂದಿನ ಸೆಕ್ಷನ್ 47 ಹೇಳುವುದೇನೆಂದರೆ, ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ, ಅಲ್ಲಿಯ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಹನ್ನೆರಡು ತಿಂಗಳು. ಮೂವತ್ತು ದಿನ ಅಲ್ಲ.

ಹಾಗಾದರೆ 30 ಎಲ್ಲಿಂದ ಬಂತು? ಎರಡು ಕಡೆಯಿಂದ. ಮೊದಲನೆಯದು ಕರ್ನಾಟಕದ ಹಳೆಯ ಕಥೆ. 2014ರಲ್ಲಿ ರಾಜ್ಯ ಸರ್ಕಾರ ತನ್ನ ಮೋಟಾರು ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರ ರಾಜ್ಯದ ಗಾಡಿ ಇಲ್ಲಿ 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಬೇಕು ಎಂದಿತು. ಆಗ ಬೆಂಗಳೂರಿನಲ್ಲಿ ಎಂಎಚ್, ಕೆಎಲ್, ಎಪಿ ನಂಬರಿನ ಗಾಡಿಗಳನ್ನು ಹಿಡಿದು ನಿಲ್ಲಿಸಿದ್ದು ನೆನಪಿರುವವರು ಬಹಳ ಜನ ಇದ್ದಾರೆ. ಇದನ್ನು ಪ್ರಶ್ನಿಸಿ ಹಲವರು ಕೋರ್ಟಿಗೆ ಹೋದರು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕೇಂದ್ರದ ಕಾಯ್ದೆ 12 ತಿಂಗಳು ಅಂದಮೇಲೆ ರಾಜ್ಯ 30 ದಿನ ಅನ್ನುವುದು ನಿಲ್ಲಲಿಲ್ಲ. ತಿದ್ದುಪಡಿ ಹೋಯಿತು, ಫಾರ್ವರ್ಡ್ ಉಳಿಯಿತು.

ಎರಡನೆಯದು ನಿಜವಾದ 30 ದಿನ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕಾಯ್ದೆಯ ಸೆಕ್ಷನ್ 49ರ ಪ್ರಕಾರ, ಆರ್‌ಸಿಯಲ್ಲಿರುವ ವಿಳಾಸದಲ್ಲಿ ನೀವು ಈಗ ವಾಸವಿಲ್ಲದಿದ್ದರೆ, ವಿಳಾಸ ಬದಲಾದ 30 ದಿನದೊಳಗೆ ಹೊಸ ವಿಳಾಸವನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದು ವಿಳಾಸ ತಿಳಿಸುವ ಕೆಲಸ, ತೆರಿಗೆ ಕಟ್ಟುವ ಗಡುವಲ್ಲ. ಎರಡನ್ನೂ ಕಲಸಿದ್ದರಿಂದಲೇ "30 ದಿನದಲ್ಲಿ ಜಪ್ತಿ" ಎಂಬ ಮಾತು ಹುಟ್ಟಿಕೊಂಡಿದೆ.

ಹಾಗಾಗಿ ನಮ್ಮ ಓದುಗರು ಬಿಡದಿಗೆ ಬಂದ ತಿಂಗಳಲ್ಲೇ ಯಾರಾದರೂ ಟಿಎನ್ ನಂಬರ್ ನೋಡಿ ಗಾಡಿ ನಿಲ್ಲಿಸಿದರೆ, ಯಾವಾಗ ಬಂದದ್ದು ಎಂದು ತೋರಿಸುವ ದಾಖಲೆ ಕೈಯಲ್ಲಿದ್ದರೆ ಸಾಕು. ಮನೆ ಬಾಡಿಗೆ ಕರಾರು, ಕಂಪನಿಯ ಸೇರ್ಪಡೆ ಪತ್ರ, ಗಡಿ ದಾಟಿದ ದಿನದ ಫಾಸ್ಟ್ಯಾಗ್ ರಸೀದಿ. ಇವನ್ನು ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ.

11 ತಿಂಗಳ ಟ್ರಿಕ್

ಮೆಸೇಜಿನ ಎರಡನೇ ಮಾತು ಇನ್ನೂ ಜನಪ್ರಿಯ. ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಒಂದು ಕಾಫಿ ಕುಡಿದು ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಕಾನೂನಿನಲ್ಲಿ ಅಂಥ ಸೂತ್ರ ಎಲ್ಲೂ ಬರೆದಿಲ್ಲ. ಸೆಕ್ಷನ್ 47 ಕೇಳುವುದು ಗಾಡಿಯನ್ನು ಎಲ್ಲಿ "ಇಟ್ಟುಕೊಳ್ಳಲಾಗಿದೆ" ಎಂದು. ಮನೆ ಬಿಡದಿಯಲ್ಲಿ, ಕೆಲಸ ಬಿಡದಿಯಲ್ಲಿ, ಮಕ್ಕಳ ಶಾಲೆ ಕೆಂಗೇರಿಯಲ್ಲಿ, ರಾತ್ರಿ ಪಾರ್ಕಿಂಗ್ ಬಿಡದಿಯಲ್ಲಿ ಇದ್ದರೆ ಅರ್ಧ ದಿನದ ಹೊಸೂರು ಪ್ರವಾಸದಿಂದ ಗಾಡಿ ತಮಿಳುನಾಡಿನದಾಗುವುದಿಲ್ಲ.

ದಾಖಲೆ ಎರಡೂ ಕಡೆ ಸಾಕ್ಷಿ ಹೇಳುತ್ತದೆ ಎನ್ನುವುದನ್ನೂ ಮರೆಯಬೇಡಿ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಮಾರ್ಚ್‌ನಿಂದ ಬಿಡದಿ ಬಳಿಯ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ ಟೋಲ್ ಇದೆ. ನಿಮ್ಮ ಫಾಸ್ಟ್ಯಾಗ್ ಅಲ್ಲಿ ವಾರಕ್ಕೆ ಐದು ದಿನ ಬೀಪ್ ಅಂದಿದ್ದರೆ, ನೀವು ಇಲ್ಲೇ ಇದ್ದೀರಿ ಎಂದು ಸಾಬೀತು ಮಾಡಲು ಬೇರೆ ಸಾಕ್ಷಿ ಬೇಕಿಲ್ಲ. ಕಾರ್ಖಾನೆ ಗೇಟಿನ ಪಾಸ್ ಪುಸ್ತಕವೂ ಹಾಗೆಯೇ.

ಇದು ಬರೀ ಸಿದ್ಧಾಂತದ ಮಾತಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದನ್ನು ಸಾರಿಗೆ ಅಧಿಕಾರಿಗಳು ಹಿಡಿದು, ಮಾಲೀಕರಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡ ಸುದ್ದಿ ನೀವು ಓದಿರಬಹುದು. ನಮ್ಮ ಹೈಲಕ್ಸ್ ಅಷ್ಟು ದುಬಾರಿಯಲ್ಲ, ಆದರೆ ಪೆಟ್ಟು ಸಣ್ಣದೂ ಅಲ್ಲ. ಕರ್ನಾಟಕದಲ್ಲಿ ಖಾಸಗಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಾವಧಿ ತೆರಿಗೆ ಗಾಡಿಯ ಬೆಲೆಯ ಮೇಲೆ ನಿಂತಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಸೆಸ್ ಬೇರೆ. 30 ಲಕ್ಷದ ಹೊಸ ಗಾಡಿ ಎಂದುಕೊಂಡರೆ ತೆರಿಗೆಯೇ 5.40 ಲಕ್ಷ. ಹೊರಗಿನಿಂದ ಬಂದ ಗಾಡಿಗೆ ವಯಸ್ಸಿಗೆ ತಕ್ಕಂತೆ ಇದರಲ್ಲಿ ಕಡಿತ ಸಿಗುತ್ತದೆ. ಗಾಡಿ ಹಳೆಯದಾದಷ್ಟೂ ತೆರಿಗೆ ಕಡಿಮೆ. ಈ ದರಗಳು ಬಜೆಟ್‌ನಲ್ಲಿ ಬದಲಾಗುತ್ತಿರುತ್ತವೆ, ಆದ್ದರಿಂದ ಕಟ್ಟುವ ಮುನ್ನ ಪರಿವಾಹನ್ ಪೋರ್ಟಲ್‌ನಲ್ಲಿ ಲೆಕ್ಕ ನೋಡಿ.

ಇಲ್ಲೇ ಒಂದು ಎಚ್ಚರಿಕೆ. "ದಿಲ್ಲಿಯಲ್ಲಿ ಫಾರ್ಚೂನರ್ ಅರ್ಧ ಬೆಲೆಗೆ ಸಿಗುತ್ತೆ, ತಂದುಬಿಡಿ" ಎಂಬ ವಿಡಿಯೊಗಳು ಓಡಾಡುತ್ತಿವೆ. ದಿಲ್ಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದ ಅಲ್ಲಿ ಬೆಲೆ ಬಿದ್ದಿರುವುದು ನಿಜ. ಆದರೆ ಇಲ್ಲಿ ತೆರಿಗೆ ಲೆಕ್ಕ ಹಾಕುವುದು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ. ಅಗ್ಗಕ್ಕೆ ಸಿಕ್ಕಿತು ಎಂದು ತಂದವರು ತೆರಿಗೆ ಚೀಟಿ ನೋಡಿ ಕುಸಿದು ಕೂತದ್ದುಂಟು.

ಇನ್ನು ನಿಜವಾದ ಸಮಸ್ಯೆ

ಮಾಡಿಫಿಕೇಶನ್ ವಿಷಯಕ್ಕೆ ಬರೋಣ. ಕಾಯ್ದೆಯ ಸೆಕ್ಷನ್ 52 ಹೇಳುವುದು ಸರಳ: ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ತಾಳೆಯಾಗದ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸಬಾರದು. ಸಿಎನ್‌ಜಿ, ಎಲ್‌ಪಿಜಿ ಕಿಟ್ ಅಳವಡಿಸುವುದು, ಅಂಗವಿಕಲರಿಗಾಗಿ ಗಾಡಿ ಹೊಂದಿಸುವುದು ಮುಂತಾದವಕ್ಕೆ ಅನುಮತಿಯ ದಾರಿ ಇದೆ.

2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಇನ್ನೂ ಬಿಗಿ ಮಾಡಿತು. ನೋಂದಣಿ ಪತ್ರಕ್ಕಾಗಿ ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂಥ ಯಾವ ಮಾರ್ಪಾಡೂ ಸಲ್ಲದು ಎಂದಿತು. ಗಾಡಿಯ ಮಾದರಿಯೊಂದು ಮಾರುಕಟ್ಟೆಗೆ ಬರುವ ಮುನ್ನ ಪರೀಕ್ಷಾ ಸಂಸ್ಥೆಗಳಲ್ಲಿ ಪಾಸಾಗಿರುತ್ತದೆ. ಆಮೇಲೆ ಅದನ್ನು ನಮ್ಮಿಷ್ಟದಂತೆ ಬದಲಾಯಿಸಿದರೆ ಆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಅದೇ ವರ್ಷ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸ್ಪಷ್ಟವಾಯಿತು. ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. "ಪ್ರತಿ ಮಾರ್ಪಾಡಿಗೆ" ಎಂಬ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ಓದುಗರ ಹೈಲಕ್ಸ್ ಮೇಲೆ ಐದು ಇವೆ.

ಈ ಕಾನೂನು ಕೇಂದ್ರದ್ದು. ತಮಿಳುನಾಡಿಗೂ ಒಂದೇ, ಕರ್ನಾಟಕಕ್ಕೂ ಒಂದೇ. ಹಾಗಾಗಿ "ಅಲ್ಲಿ ಪಾಸ್ ಆಗಿತ್ತು" ಎಂಬ ವಾದಕ್ಕೆ ಬಲವಿಲ್ಲ. ಅಲ್ಲಿ ಯಾರೂ ಕೇಳಲಿಲ್ಲ ಎನ್ನುವುದು ಬೇರೆ, ಅಲ್ಲಿ ಅನುಮತಿ ಇತ್ತು ಎನ್ನುವುದು ಬೇರೆ. ಅನುಮತಿ ಇದ್ದಿದ್ದರೆ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ನಮೂದಾಗಿದ್ದರೆ ಆ ಆರ್‌ಸಿ, ಅನುಮತಿ ಪತ್ರ ಎರಡನ್ನೂ ಜೋಪಾನ ಮಾಡಿ ತನ್ನಿ. ಹಳೆಯ ಜಿಪ್ಸಿ, ಜೀಪುಗಳ ಬಟ್ಟೆ ಟಾಪ್ ತೆಗೆದು ತಗಡಿನ ಟಾಪ್ ಹಾಕಿಸಿದವರು, ಬಣ್ಣ ಬದಲಿಸಿದವರು ಇದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು.

ಬೋಲ್ಟ್ ಮತ್ತು ವೆಲ್ಡಿಂಗ್ ವಾದವೂ ಹಾಗೆಯೇ. ಬುಲ್ ಬಾರ್ ಬರೀ ಬೋಲ್ಟ್ ಮೇಲೆ ಕೂತಿರುತ್ತದೆ. ಆದರೂ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಕ್ರಾಶ್ ಗಾರ್ಡ್, ಬುಲ್ ಬಾರ್‌ಗಳನ್ನು ಸೆಕ್ಷನ್ 52ರ ಉಲ್ಲಂಘನೆ ಎಂದು ಪರಿಗಣಿಸಿ ಕ್ರಮ ತೆಗೆದುಕೊಳ್ಳಿ ಎಂದಿತು. ಕಾರಣ ಭೌತಶಾಸ್ತ್ರ. ಗಾಡಿಯ ಮುಂಭಾಗವನ್ನು ಡಿಕ್ಕಿಯಾದಾಗ ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಮಡಚಿಕೊಳ್ಳುವಾಗ ಪೆಟ್ಟು ನಿಧಾನವಾಗಿ ಕರಗುತ್ತದೆ, ಒಳಗಿರುವವರ ಎದೆಗೆ ಬರುವ ಏಟು ಕಡಿಮೆಯಾಗುತ್ತದೆ. ಚಾಸಿಸ್‌ಗೇ ಕಬ್ಬಿಣದ ಗೇಟು ಬಿಗಿದರೆ ಆ ಪೆಟ್ಟು ನೇರ ಒಳಗೆ ಬರುತ್ತದೆ. ಏರ್‌ಬ್ಯಾಗ್ ಯಾವ ಕ್ಷಣಕ್ಕೆ ಬಿಚ್ಚಬೇಕು ಎಂಬ ಲೆಕ್ಕವೂ ಮೂಲ ಮುಂಭಾಗ ಮಡಚುವ ರೀತಿಯನ್ನು ನೋಡಿ ಮಾಡಿದ್ದು. ಇನ್ನು ಎದುರಿಗೆ ಬಂದವರು ನಡೆದು ಹೋಗುವವರಾಗಿದ್ದರೆ ಬಾನೆಟ್‌ಗೂ ಕಬ್ಬಿಣದ ಕೊಳವೆಗೂ ಇರುವ ವ್ಯತ್ಯಾಸ ಹೇಳಬೇಕಿಲ್ಲ. ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆ ಗೇಟುಗಳ ಮುಂದೆ ನೂರಾರು ಜನ ರಸ್ತೆ ದಾಟುವ ಬಿಡದಿಯಲ್ಲಿ ಇದು ಸಣ್ಣ ಮಾತಲ್ಲ.

ಟೈರು ದೊಡ್ಡದಾದರೆ ಮೀಟರ್ ಸುಳ್ಳು ಹೇಳುತ್ತದೆ

ಇದನ್ನು ಲೆಕ್ಕ ಹಾಕಿಯೇ ನೋಡೋಣ, ಏಕೆಂದರೆ ಯಾರೂ ನಂಬುವುದಿಲ್ಲ. ಹೈಲಕ್ಸ್‌ಗೆ, ಫಾರ್ಚೂನರ್‌ಗೆ ಕಂಪನಿ ಕೊಡುವ ಟೈರಿನ ಅಳತೆ 265/60 ಆರ್18. ಇದರ ಒಟ್ಟು ವ್ಯಾಸ ಸುಮಾರು 775 ಮಿಲಿಮೀಟರ್. ಆಫ್‌ರೋಡ್ ಹುಡುಗರು "33 ಇಂಚು" ಎಂದು ಕರೆಯುವ 285/65 ಆರ್18 ಹಾಕಿದರೆ ವ್ಯಾಸ ಸುಮಾರು 828 ಮಿಲಿಮೀಟರ್ ಆಗುತ್ತದೆ. ಅಂದರೆ ಚಕ್ರ ಒಂದು ಸುತ್ತು ತಿರುಗಿದಾಗ ಗಾಡಿ ಮೊದಲಿಗಿಂತ ಶೇ 7ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರ್‌ಗೆ ಅದು ಗೊತ್ತಿಲ್ಲ. ಅದು ಸುತ್ತುಗಳನ್ನು ಮಾತ್ರ ಎಣಿಸುತ್ತದೆ.

ಪರಿಣಾಮ ಏನು? ಮೊದಲು ಸರಿಯಾಗಿ 100 ತೋರಿಸುತ್ತಿದ್ದ ಮೀಟರ್ ಈಗಲೂ 100 ತೋರಿಸುತ್ತದೆ, ಗಾಡಿ ಓಡುತ್ತಿರುವುದು 107ರಲ್ಲಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮಿತಿ ಗಂಟೆಗೆ 100 ಕಿಲೋಮೀಟರ್. ಅಲ್ಲಿ ಕ್ಯಾಮೆರಾಗಳಿವೆ. ಕಂಪನಿಗಳು ಸಾಮಾನ್ಯವಾಗಿ ಮೀಟರನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುವುದರಿಂದ ಕೆಲವರು ಬಚಾವಾಗುತ್ತಾರೆ, ಅಷ್ಟೆ. ಓಡಿದ ಕಿಲೋಮೀಟರ್ ಕೂಡ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ ಮೈಲೇಜ್ ಬಿತ್ತು ಎಂದು ಮೆಕ್ಯಾನಿಕ್ ಹತ್ತಿರ ಜಗಳ ಮಾಡುವವರಿದ್ದಾರೆ. ಟೈರಿನ ತೂಕ ಹೆಚ್ಚಿರುವುದರಿಂದ ಮೈಲೇಜ್ ಸ್ವಲ್ಪ ಬೀಳುವುದು ನಿಜ, ಆದರೆ ಒಂದಷ್ಟು ಭಾಗ ಬರೀ ಲೆಕ್ಕದ ತಪ್ಪು.

ನಿಮ್ಮ ಮಾಡೆಲ್‌ಗೆ ಕಂಪನಿಯೇ ಒಪ್ಪಿದ ಟೈರು ಅಳತೆಗಳು ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕರ್‌ನಲ್ಲಿ, ಮಾಲೀಕರ ಕೈಪಿಡಿಯಲ್ಲಿ ಇರುತ್ತವೆ. ಅದರೊಳಗೆ ಇದ್ದರೆ ತಲೆಬಿಸಿ ಇಲ್ಲ. ರಬ್ಬರಿನ ಮೇಲ್ಮೈ ಮಾತ್ರ ಬದಲಿಸಿ, ಅದೇ ಅಳತೆಯ ಆಲ್ ಟೆರೇನ್ ಟೈರು ಹಾಕಿಸಿಕೊಂಡರೆ ಮಣ್ಣುರಸ್ತೆಯ ಮುಕ್ಕಾಲು ಆಸೆ ತೀರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಎತ್ತರಿಸಿದ ಸಸ್ಪೆನ್ಷನ್‌ನ ಲೆಕ್ಕ ಇನ್ನೂ ಗಂಭೀರ. ಗಾಡಿ ಪಲ್ಟಿಯಾಗುವ ಸಾಧ್ಯತೆಯನ್ನು ಅಳೆಯಲು ಎಂಜಿನಿಯರುಗಳು ಬಳಸುವ ಒಂದು ಸುಲಭ ಸೂತ್ರ ಇದೆ. ಎಡ-ಬಲ ಚಕ್ರಗಳ ನಡುವಿನ ಅಗಲವನ್ನು, ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಅಗಲ 150 ಸೆಂ.ಮೀ., ಗುರುತ್ವ ಕೇಂದ್ರ ನೆಲದಿಂದ 75 ಸೆಂ.ಮೀ. ಎಂದುಕೊಳ್ಳಿ. ಉತ್ತರ 1. ಗಾಡಿಯನ್ನು 5 ಸೆಂ.ಮೀ. ಎತ್ತರಿಸಿದರೆ ಉತ್ತರ 0.94. ನೋಡಲು ಸಣ್ಣ ಇಳಿಕೆ. ಆದರೆ ಎತ್ತರದ ಗಾಡಿಗಳು ಮೊದಲೇ ಅಂಚಿನಲ್ಲಿರುತ್ತವೆ. ಮೇಲೆ ಕ್ಯಾರಿಯರ್, ಅದರ ಮೇಲೆ ಟೆಂಟು, ಇನ್ನೊಂದು ಟೈರು ಹೇರಿದರೆ ಇನ್ನೂ ಕೆಳಗಿಳಿಯುತ್ತದೆ. ಮಾಗಡಿ ರಸ್ತೆಯ ತಿರುವಿನಲ್ಲಿ ಎದುರಿಗೆ ದನ ಬಂದು ಸ್ಟೇರಿಂಗ್ ಎಳೆಯುವ ಕ್ಷಣದಲ್ಲಿ ಈ 0.06 ಕೆಲಸಕ್ಕೆ ಬರುತ್ತದೆ.

ಇನ್ನೊಂದು ಸಂಗತಿ ನಮ್ಮವರಿಗೆ ಹೊಳೆಯುವುದೇ ಇಲ್ಲ. ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಹೆಚ್ಚು ಎತ್ತಿದರೂ ಹೆಡ್‌ಲೈಟ್ ಆಕಾಶ ನೋಡುತ್ತದೆ. ಲೋ ಬೀಮ್ ಸಾಮಾನ್ಯವಾಗಿ ನೂರು ಅಡಿಗೆ ಒಂದು ಅಡಿಯಷ್ಟು ಕೆಳಗೆ ಬಾಗಿರುತ್ತದೆ. ಗಾಡಿಯ ಮೂತಿ ಒಂದೇ ಒಂದು ಡಿಗ್ರಿ ಮೇಲೆದ್ದರೆ ಬೆಳಕು ನೂರು ಅಡಿಗೆ ಮುಕ್ಕಾಲು ಅಡಿ ಮೇಲಕ್ಕೇ ಹೋಗುತ್ತದೆ. ನೀವು ಲೋ ಬೀಮ್‌ನಲ್ಲೇ ಇದ್ದೀರಿ, ಎದುರಿನ ಬೈಕಿನವನಿಗೆ ಅದು ಹೈ ಬೀಮ್. ಲಿಫ್ಟ್ ಮಾಡಿಸಿದವರು ಹೆಡ್‌ಲೈಟ್ ಮತ್ತೆ ಹೊಂದಿಸಿಕೊಂಡಿದ್ದನ್ನು ನಾನು ಕಂಡದ್ದು ಕಡಿಮೆ. ತಲೆಯ ಮೇಲಿನ ಎಲ್‌ಇಡಿ ಪಟ್ಟಿ ಬಗ್ಗೆ ಹೇಳುವುದೇ ಬೇಡ. 2024ರ ಜುಲೈನಲ್ಲಿ ರಾಜ್ಯ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು.

ಸ್ನಾರ್ಕೆಲ್ ಕಥೆ ಚಿಕ್ಕದು. ಅದು ಎಂಜಿನ್ ಉಸಿರಾಡುವ ಬಾಯನ್ನು ಮೇಲಕ್ಕೆ ಒಯ್ಯುತ್ತದೆ, ಅಷ್ಟೆ. ಬಾಗಿಲಿನ ರಬ್ಬರು, ವೈರಿಂಗ್, ಗೇರ್‌ಬಾಕ್ಸ್ ಉಸಿರಿನ ಕೊಳವೆ ಎಲ್ಲ ಇದ್ದಲ್ಲೇ ಇರುತ್ತವೆ. ಸ್ನಾರ್ಕೆಲ್ ಇದೆ ಎಂದು ತುಂಬಿ ಹರಿಯುವ ಅರ್ಕಾವತಿಗೆ ಗಾಡಿ ಇಳಿಸಬೇಡಿ.

ಕಪ್ಪು ಗಾಜು ನಮ್ಮ ಓದುಗರ ಪಟ್ಟಿಯಲ್ಲಿ ಇಲ್ಲ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಈ ಗಾಡಿಗಳಲ್ಲಿ ಇದು ಸಾಮಾನ್ಯ. ಮುಂದಿನ, ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70, ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇ 50 ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲಂ ಅಂಟಿಸುವುದಕ್ಕೆ ತಡೆ ಹಾಕಿದ್ದು ಇದೇ ವಿಷಯದಲ್ಲಿ.

ತಪಾಸಣೆಯ ದಿನ

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಹೊಸ ನಂಬರ್ ಪಡೆಯಲು ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. ಬಿಡದಿಯಲ್ಲಿ ವಾಸವಿದ್ದರೆ ರಾಮನಗರ ಕಚೇರಿ, ಕೆಎ-42. ಕೆಂಗೇರಿ ಕಡೆ ಮನೆ ಮಾಡಿ ಬಿಡದಿಗೆ ಓಡಾಡುವವರು ಜ್ಞಾನಭಾರತಿಯ ಕೆಎ-41 ಕಚೇರಿ ಕೇಳಿ ನೋಡಿ. ಅಲ್ಲಿ ಇನ್‌ಸ್ಪೆಕ್ಟರ್ ಆರ್‌ಸಿಯನ್ನು ಕೈಯಲ್ಲಿ ಹಿಡಿದು ಗಾಡಿಯನ್ನು ಸುತ್ತಿ ನೋಡುತ್ತಾರೆ. ಬಣ್ಣ, ಬಾಡಿ, ಸೀಟು, ಎಂಜಿನ್ ನಂಬರ್, ಚಾಸಿಸ್ ನಂಬರ್. ಆ ದಿನ ಗಾಡಿ ತನ್ನ ಆರ್‌ಸಿಯ ಹಾಗೆಯೇ ಇರಬೇಕು. ಬುಲ್ ಬಾರ್, ಎಲ್‌ಇಡಿ, ದೊಡ್ಡ ಟೈರು ಮೊದಲೇ ಬಿಚ್ಚಿಡಿ. ಹಳೆಯ ಸ್ಪ್ರಿಂಗು, ಟೈರು, ಬಂಪರನ್ನು ಗ್ಯಾರೇಜಿನವರಿಗೆ ಮಾರಿಬಿಟ್ಟಿದ್ದರೆ ಊರು ಬಿಡುವ ಮುನ್ನವೇ ಹುಡುಕಿಕೊಳ್ಳಿ.

"ತಪಾಸಣೆಗೆ ಬಿಚ್ಚಿ, ಆಮೇಲೆ ಮತ್ತೆ ಹಾಕಿದರಾಯಿತು" ಎಂದು ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಅವರು ಒಂದನ್ನು ಹೇಳುವುದಿಲ್ಲ: ವಿಮೆ. ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದೇ ಇದ್ದರೆ ಅಪಘಾತದ ನಂತರ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ. ಕಾನೂನು ಒಪ್ಪದ ಬದಲಾವಣೆಯನ್ನು ತಿಳಿಸಿದರೂ ಅವರು ಒಪ್ಪಲಾರರು. 30 ಲಕ್ಷದ ಗಾಡಿಯ ವಿಮೆಯನ್ನು 20 ಸಾವಿರದ ಕಬ್ಬಿಣಕ್ಕಾಗಿ ಪಣಕ್ಕಿಡುವುದು ನಿಮಗೆ ಬಿಟ್ಟ ವಿಚಾರ. ಗಾಡಿ ಕಂಪನಿಯೇ ಅಧಿಕೃತ ಅಕ್ಸೆಸರಿ ಎಂದು ಬಿಲ್ ಕೊಟ್ಟು ಮಾರಿದ ವಸ್ತುಗಳಾದರೆ ಬಿಲ್ ಇಟ್ಟುಕೊಳ್ಳಿ. ವಾದಕ್ಕೆ ಒಂದು ಆಧಾರವಾದರೂ ಇರುತ್ತದೆ.

ಹೈಲಕ್ಸ್, ಇಸುಝು ವಿ-ಕ್ರಾಸ್‌ನಂಥ ಪಿಕಪ್ ಇದ್ದವರು ಆರ್‌ಸಿಯಲ್ಲಿ ಗಾಡಿಯ ವರ್ಗ ಏನೆಂದು ಬರೆದಿದೆ ಎಂದು ನೋಡಿಕೊಳ್ಳಿ. ಖಾಸಗಿ ಬಿಳಿ ಬೋರ್ಡ್ ಆಗಿದ್ದರೆ ಒಂದು ದಾರಿ, ಸರಕು ಸಾಗಣೆಯ ಹಳದಿ ಬೋರ್ಡ್ ಆಗಿದ್ದರೆ ತೆರಿಗೆ, ಫಿಟ್‌ನೆಸ್ ಎಲ್ಲ ಬೇರೆ. ಹಿಂದಿನ ತೊಟ್ಟಿಗೆ ಮುಚ್ಚಳದ ಕ್ಯಾನಪಿ ಹಾಕಿಸಿದ್ದರೆ ಅದೂ ಬಾಡಿಯ ಪ್ರಶ್ನೆಯಾಗುತ್ತದೆ.

ಹಳೆಯ ಜೀಪು ಕೊಳ್ಳುವವರಿಗೂ ಒಂದು ಮಾತು. ಹರಿಯಾಣದ ಮಂಡಿ ಡಬ್ವಾಲಿ ಮಾರ್ಪಡಿಸಿದ ಜೀಪುಗಳಿಗೆ ದೇಶಕ್ಕೇ ಹೆಸರುವಾಸಿ. ಯೂಟ್ಯೂಬ್ ನೋಡಿ ಅಲ್ಲಿಂದ ಜೀಪು ತರಿಸುವವರು ನಮ್ಮಲ್ಲೂ ಇದ್ದಾರೆ. ಎಲ್ಲವೂ ಮೋಸ ಎಂದಲ್ಲ. ಆದರೆ ಎಲ್ಲೋ ಗುಜರಿಗೆ ಹೋದ ಜೀಪಿನ ಆರ್‌ಸಿ, ಇನ್ನೆಲ್ಲೋ ಜೋಡಿಸಿದ ಹೊಸ ಬಾಡಿ ಸೇರಿದ ಗಾಡಿಯಾದರೆ, ಇಲ್ಲಿಯ ತಪಾಸಣೆಯಲ್ಲಿ ಚಾಸಿಸ್ ನಂಬರಿನ ಅಚ್ಚು ತೆಗೆದಾಗ ಕಥೆ ಮುಗಿಯುತ್ತದೆ. ಹಣ ಕೊಡುವ ಮುನ್ನ ಚಾಸಿಸ್ ಮೇಲಿನ ನಂಬರನ್ನು ನೀವೇ ಕಣ್ಣಾರೆ ಆರ್‌ಸಿ ಜೊತೆ ತಾಳೆ ನೋಡಿ. ಫೋಟೊ ನಂಬಬೇಡಿ.

ಕಾಗದದ ಕೆಲಸ ಯಾವುದು ಮೊದಲು?

ಮೊದಲು ಹಳೆಯ ರಾಜ್ಯ. ಬಾಕಿ ಚಲನ್‌ಗಳನ್ನೆಲ್ಲ ಕಟ್ಟಿ ಮುಗಿಸಿ. ಸಾಲ ಇದ್ದರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ನಂತರ ಫಾರಂ 28ರಲ್ಲಿ ಎನ್‌ಒಸಿಗೆ, ಅಂದರೆ ನಿರಾಕ್ಷೇಪಣಾ ಪತ್ರಕ್ಕೆ, ಅರ್ಜಿ. ಪರಿವಾಹನ್ ಪೋರ್ಟಲ್‌ನಲ್ಲಿ ಶುರು ಮಾಡಬಹುದು. 30 ದಿನದೊಳಗೆ ಕಚೇರಿಯವರು ಕೊಡದೆ, ನಿರಾಕರಿಸಿಯೂ ಹೇಳದೆ ಸುಮ್ಮನಿದ್ದರೆ ಕೊಟ್ಟಂತೆಯೇ ಎಂದು ಸೆಕ್ಷನ್ 48 ಹೇಳುತ್ತದೆ. ಆದರೂ ಕಾಗದ ಕೈಗೆ ಬರುವವರೆಗೆ ಬೆನ್ನು ಹತ್ತುವುದು ಒಳ್ಳೆಯದು.

ಆಮೇಲೆ ಇಲ್ಲಿ ಫಾರಂ 27ರಲ್ಲಿ ಹೊಸ ನಂಬರಿಗೆ ಅರ್ಜಿ. ವಿಳಾಸದ ದಾಖಲೆ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಚೀಟಿ, ಎನ್‌ಒಸಿ, ಮೂಲ ಆರ್‌ಸಿ, ಗಾಡಿ ಕೊಂಡಾಗಿನ ಬಿಲ್. ಈ ಬಿಲ್ ಮುಖ್ಯ, ತೆರಿಗೆ ಲೆಕ್ಕ ಅದರಿಂದಲೇ ಶುರು. ಡ್ರೈವಿಂಗ್ ಲೈಸೆನ್ಸ್ ಬದಲಿಸುವ ಚಿಂತೆ ಬೇಡ, ಅದು ದೇಶಕ್ಕೆಲ್ಲ ನಡೆಯುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಬಿಎಚ್ ಸರಣಿ ಎಂಬ ಇನ್ನೊಂದು ದಾರಿ ಇದೆ. 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದದ್ದು. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೈನ್ಯದವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ಉದ್ಯೋಗಿಗಳು ಪಡೆಯಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬೇಕು. ರಾಜ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ನಿಯಮದಿಂದ ಈಗಾಗಲೇ ನೋಂದಣಿಯಾದ ಗಾಡಿಗಳಿಗೂ ಈ ಬಾಗಿಲು ತೆರೆದಿದೆ. ಖಾಸಗಿ ಉದ್ಯೋಗಿಗಳಿಗೆ ಕೊಡುವ ವಿಷಯದಲ್ಲಿ ಕರ್ನಾಟಕದಲ್ಲಿ ತಕರಾರು ಎದ್ದು ಹೈಕೋರ್ಟಿನವರೆಗೆ ಹೋಗಿತ್ತು, ಹಾಗಾಗಿ ಅರ್ಜಿ ಹಾಕುವ ಮುನ್ನ ಕಚೇರಿಯಲ್ಲಿ ಕೇಳಿಕೊಳ್ಳಿ. ಬಿಡದಿಯ ದೊಡ್ಡ ಕಾರ್ಖಾನೆಗಳಲ್ಲಿ ಇರುವವರು ತಮ್ಮ ಎಚ್‌ಆರ್ ವಿಭಾಗದಲ್ಲಿ ಫಾರಂ 60 ಕೊಡುತ್ತಾರಾ ಎಂದು ವಿಚಾರಿಸಿ. ಗುತ್ತಿಗೆ ಏಜೆನ್ಸಿಯ ಮೂಲಕ ಕೆಲಸ ಮಾಡುವವರಿಗೆ ಉದ್ಯೋಗದಾತ ಕಾರ್ಖಾನೆಯಲ್ಲ, ಆ ಏಜೆನ್ಸಿ ಎನ್ನುವುದು ನೆನಪಿರಲಿ.

ಹೊಸ ಕೆಎ-42 ನಂಬರ್ ಬಂದ ಮೇಲೆ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಸಿ, ವಿಮೆ, ಫಾಸ್ಟ್ಯಾಗ್, ಹೊಗೆ ತಪಾಸಣೆ ಎಲ್ಲದರಲ್ಲೂ ನಂಬರ್ ಬದಲಿಸಿಕೊಳ್ಳಿ. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹಳೆಯ ರಾಜ್ಯದಲ್ಲಿ 15 ವರ್ಷಕ್ಕೆಂದು ಮುಂಗಡ ಕಟ್ಟಿದ ತೆರಿಗೆಯಲ್ಲಿ ಬಳಸದೇ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಅದಕ್ಕೆ ಹಳೆಯ ಕಚೇರಿಗೆ ಹೊಸ ಆರ್‌ಸಿಯ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಅಲ್ಲಿ ಕಟ್ಟಿದ ಮೂಲ ರಸೀದಿ ಮೂರೂ ಬೇಕಾಗುತ್ತವೆ. ಮೂಲ ರಸೀದಿ ಸಾಮಾನ್ಯವಾಗಿ ಶೋರೂಮಿನವರು ಕೊಟ್ಟ ಪ್ಲಾಸ್ಟಿಕ್ ಫೈಲಿನಲ್ಲಿ, ಸರ್ವಿಸ್ ಪುಸ್ತಕದ ಹಿಂದೆ ಇರುತ್ತದೆ. ಮನೆ ಖಾಲಿ ಮಾಡುವಾಗ ರದ್ದಿಗೆ ಹೋಗದಂತೆ ನೋಡಿಕೊಳ್ಳಿ.